ಮಸಿ ನುಂಗುವವರ ಅಹವಾಲು

ಬಿಎಸ್-6 ನಿಯಮ 2020ರ ಏಪ್ರಿಲ್ 1ರಂದು ಜಾರಿಯಾದ ಮೇಲೆ ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಖಾಯಂ ನೌಕರಿ ಹಿಡಿದವರು ಶ್ರೀ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. ಗ್ಯಾರೇಜಿನವರ ಬಾಯಲ್ಲಿ ಡಿಪಿಎಫ್. ಸಂದರ್ಶನ ನಡೆದದ್ದು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ಗಾಡಿ ನಿಂತೇ ಇದ್ದುದರಿಂದ ಪುರಸೊತ್ತಿಗೆ ಬರವಿರಲಿಲ್ಲ.

ಸರ್ವಿಸ್ ಬುಕ್ಕಿನ ಪ್ರಕಾರವೇ ಮಾಲೀಕರು ಸರ್ವಿಸ್ ಮಾಡಿಸುತ್ತಾರೆ. ಆದರೂ ನೀವು ಹಳದಿ ದೀಪ ಹಚ್ಚಿ ಕೂರುತ್ತೀರಲ್ಲ?

ಕಿಲೋಮೀಟರ್ ಎಣಿಸುವವರು ನೀವು ಸ್ವಾಮಿ, ನನಗೆ ಬೇಕಾದದ್ದು ಬಿಸಿ. ನನ್ನ ಹೊಟ್ಟೆ ಸೆರಾಮಿಕ್ಕಿನ ಜೇನುಗೂಡು. ಪ್ರತಿ ಓಣಿಯೂ ಒಂದು ತುದಿಯಲ್ಲಿ ಬಂದ್. ಹೊಗೆ ಗೋಡೆ ತೂರಿ ಪಕ್ಕದ ಓಣಿಗೆ ಹೋಗುತ್ತದೆ, ಮಸಿ ಗೋಡೆಗೆ ಅಂಟುತ್ತದೆ. ಅದನ್ನು ಸುಟ್ಟು ಹಗುರಾಗಲು ನನಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಕ್ಯಾಟಲಿಸ್ಟಿನ ನೆರವಿದ್ದರೆ ಇನ್ನಷ್ಟು ಕಡಿಮೆಯಾದರೂ ನಡೆದೀತು. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಒಂದೇ ಸಮನೆ ಓಡುವ ಗಾಡಿಯಲ್ಲಿ ಈ ಕೆಲಸ ಯಾರಿಗೂ ಗೊತ್ತಾಗದೆ ಮುಗಿಯುತ್ತದೆ. ಮಗುವನ್ನು ಸ್ಕೂಲಿಗೆ ಬಿಟ್ಟು, ಬರುವಾಗ ಕೊತ್ತಂಬರಿ ಕಟ್ಟು ತಂದು ನಿಲ್ಲುವ ಗಾಡಿಯಲ್ಲಿ ನಾನು ಬೆಚ್ಚಗಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಇಬ್ಬರಿಗೂ ಪುಸ್ತಕದಲ್ಲಿ ಒಂದೇ ಲೆಕ್ಕ!

ಬಿಸಿ ಸಾಲದಿದ್ದರೆ ಇಂಜಿನ್ನೇ ಹೆಚ್ಚುವರಿ ಡೀಸೆಲ್ ಬಿಟ್ಟು ಸುಡಿಸುತ್ತದೆಯಂತಲ್ಲ?

ಬಿಡುತ್ತದೆ. ಆಗ ಐಡ್ಲಿಂಗ್ ತುಸು ಏರುತ್ತದೆ, ಫ್ಯಾನ್ ಜೋರಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಏನೋ ಎಡವಟ್ಟಾಯಿತೆಂದು ಮಾಲೀಕರು ಗಾಬರಿಯಾಗಿ ಕೀ ತಿರುಗಿಸಿಬಿಡುತ್ತಾರೆ. ಅರ್ಧಕ್ಕೆ ನಿಂತ ಕೆಲಸ ಮತ್ತೆ ಮತ್ತೆ ಶುರುವಾಗುತ್ತದೆ, ಪ್ರತಿ ಸಲವೂ ಸುಡದೆ ಉಳಿದಷ್ಟು ಡೀಸೆಲ್ ಸಿಲಿಂಡರ್ ಗೋಡೆಯಗುಂಟ ಇಳಿದು ಇಂಜಿನ್ ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿದರೆ ಆಯಿಲ್ ಮೇಲಿನ ಗುರುತನ್ನೂ ದಾಟಿರುತ್ತದೆ. "ನಮ್ಮ ಇಂಜಿನ್ ಒಂದು ತೊಟ್ಟೂ ಆಯಿಲ್ ಕುಡಿಯಲ್ಲ" ಎಂದು ಹಿಗ್ಗುವವರಿದ್ದಾರೆ. ಆ ತೆಳ್ಳಗಾದ ಆಯಿಲ್ಲಿನ ಮೇಲೆಯೇ ಟರ್ಬೊ ತಿರುಗಬೇಕು. ಅಂಥ ಗಾಡಿಗೆ ಪುಸ್ತಕದ ದಿನಾಂಕ ಕಾಯದೆ ಆಯಿಲ್ ಬದಲಿಸಬೇಕು.

ಹಳೇ ಡೀಸೆಲ್ ಜೀಪುಗಳಿಗೆ ಈ ರಗಳೆಯೇ ಇರಲಿಲ್ಲ. ನಿಮ್ಮನ್ನು ಕತ್ತರಿಸಿ ಖಾಲಿ ಕೊಳವೆ ಕೂರಿಸುವವರೂ ಇದ್ದಾರೆ.

ಜೀಪಿಗೂ ಫಿಲ್ಟರ್ ಇತ್ತು, ಹಿಂದಿನ ಸ್ಕೂಟರಿನವನ ಎದೆಗೂಡಿನಲ್ಲಿ. ಅದಕ್ಕೆ ಲೇಬರ್ ಚಾರ್ಜ್ ಇರಲಿಲ್ಲ, ಅಷ್ಟೇ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ನನ್ನನ್ನು ಕಿತ್ತರೆ ಕಾನೂನು ಮುರಿದಂತೆ; ಸಾಲದ್ದಕ್ಕೆ ಇಂಜಿನ್ನಿನ ಕಂಪ್ಯೂಟರಿಗೂ ಸುಳ್ಳು ಕಲಿಸಬೇಕು.

ಹಾಗಾದರೆ ತಪ್ಪೆಲ್ಲ ಮಾಲೀಕರದೇ?

ಅಲ್ಲ. ಶೋರೂಮಿನಲ್ಲಿ ಬಣ್ಣ ಯಾವುದು, ಇಎಂಐ ಎಷ್ಟು ಎಂದು ಕೇಳುತ್ತಾರೆ. ಆಫೀಸು ಎಷ್ಟು ದೂರ ಎಂದು ಕೇಳಿದರೆ ಒಂದು ಡೀಸೆಲ್ ಕಾರು ಕಮ್ಮಿ ಮಾರಾಟವಾಗಬಹುದಲ್ಲ! (ಈ ಮಾತಿಗೆ ಸಂದರ್ಶಕರ ಬಳಿಯೂ ಉತ್ತರವಿಲ್ಲ. ಸಿಟಿಯೊಳಗಷ್ಟೇ ಓಡಾಡುವವರಿಗೆ ಡೀಸೆಲ್ ಮಾರುವುದೇ ಮೊದಲ ರಿಪೇರಿಗೆ ಮುಹೂರ್ತ.) ಹಾಗಂತ ಹೆದ್ದಾರಿಯಲ್ಲಿ ಓಡಿಸಿದರೆ ಎಲ್ಲವೂ ಪರಿಹಾರ ಎಂದೂ ತಿಳಿಯಬೇಡಿ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಬೂದಿ ಬರುವುದು ಬಹುಮಟ್ಟಿಗೆ ಇಂಜಿನ್ ಆಯಿಲ್ಲಿಗೆ ಬೆರೆಸಿದ ಕ್ಯಾಲ್ಸಿಯಂ, ಸತುವಿನಂಥ ವಸ್ತುಗಳಿಂದ. ಡಿಪಿಎಫ್ ಗಾಡಿಗೆಂದೇ ಇರುವ ಕಡಿಮೆ ಬೂದಿಯ ಆಯಿಲ್ ಬಿಟ್ಟು ಅಗ್ಗದ ಕ್ಯಾನ್ ಸುರಿದರೆ ನಾನು ಬೇಗ ತುಂಬುತ್ತೇನೆ; ಆಮೇಲೆ ಬಿಚ್ಚಿ ತೊಳೆಸಬೇಕು, ಇಲ್ಲವೇ ಹೊಸದು ಹಾಕಿಸಬೇಕು. ಜಾಬ್ ಕಾರ್ಡಿನಲ್ಲಿ ಕಿಲೋಮೀಟರ್ ಬರೆದ ಜಾಗದ ಪಕ್ಕದಲ್ಲೇ ಇನ್ನೊಂದು ಖಾನೆ ಹಾಕಿಸಿ: "ಗಾಡಿ ಅರ್ಧ ಗಂಟೆ ನಿಲ್ಲದೆ ಓಡಿದ್ದು ಕಡೆಯ ಸಲ ಯಾವಾಗ?"