ಹಾರ್ಲಿಕ್ಸ್ ಬಾಟ್ಲಿಯ ಹುಣಸೆಹಣ್ಣು

ಅಕ್ಕನ ಮಗನ ಮುಂಜಿ ಮುಗಿದು ಮೂರು ವಾರವಾಗಿತ್ತು. ‘ನಿಂಗೆ ಕಂಪ್ಯೂಟರ್ ಬರತ್ತಲ್ಲ’ ಎಂಬ ಒಂದೇ ಅರ್ಹತೆಯ ಮೇಲೆ, ನೆಂಟರ ಫೋನುಗಳಲ್ಲಿದ್ದ ವಿಡಿಯೊಗಳನ್ನು ಜೋಡಿಸುವ ಕೆಲಸ ನನ್ನ ಹೆಗಲೇರಿತು. ನಲವತ್ತೇಳು ಫೈಲುಗಳು. ಎಡಿಟಿಂಗ್ ಸಾಫ್ಟ್‌ವೇರಿಗೆ ಎಳೆದು ಹಾಕಿದರೆ, ಹನ್ನೊಂದನ್ನು ಅದು ಮಡಿಯುಟ್ಟ ಅಜ್ಜಿಯಂತೆ ಮುಟ್ಟಲೇ ಇಲ್ಲ. ಇಂಪೋರ್ಟ್ ಆಗದು, ಅಷ್ಟೇ. ಯಾಕೆಂದು ಕೇಳುವ ಹಾಗಿಲ್ಲ.

ನಾನೂ ಬುದ್ಧಿವಂತನೇ. ಹೆಸರಿನ ಬಾಲದಲ್ಲಿದ್ದ ಎಂಒವಿ ಅಳಿಸಿ ಎಂಪಿ4 ಎಂದು ಬರೆದೆ. ನಮ್ಮಮ್ಮನ ಅಡುಗೆಮನೆಯಲ್ಲಿ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹುಣಸೆಹಣ್ಣಿರುತ್ತದೆ. ಚೀಟಿ ನೋಡಿ ಹಾಲಿಗೆ ಹಾಕಿದವನು ಕೆಟ್ಟ. ಎಂಪಿ4, ಎಂಒವಿಗಳೂ ಬರೀ ಡಬ್ಬಿಗಳು. ಒಳಗಿನ ಸರಕು ಕೋಡೆಕ್. 2003ರ ಎಚ್.264 ಎಲ್ಲರಿಗೂ ಒಗ್ಗುತ್ತದೆ. 2013ರಲ್ಲಿ ಬಂದ ಎಚ್‌ಇವಿಸಿ ಜಾಗ ಉಳಿಸುತ್ತದೆಂದು 2017ರಿಂದ ಹೊಸ ಐಫೋನುಗಳು ಅದರಲ್ಲೇ ತುಂಬುತ್ತವೆ. ಅದು ನನ್ನ ಹಳೆಯ ಸಾಫ್ಟ್‌ವೇರಿಗೆ ಜೀರ್ಣವಾಗದು.

‘ವಿಎಲ್‌ಸಿಯಲ್ಲಿ ಓಡುತ್ತಲ್ಲೋ!’ ಎಂದರು ಭಾವ. ಓಡುತ್ತದೆ. ವಿಎಲ್‌ಸಿ ಸಿಕ್ಕಿದ್ದನ್ನೆಲ್ಲ ತಿಂದು ತೇಗುವ ಬಕಾಸುರ. ಅದರ ಮಾತು ಕಟ್ಟಿಕೊಂಡು ಎಡಿಟಿಂಗ್ ನಡೆಯದು. ಕೊನೆಗೆ ಅನಾನಸ್ ಚಿತ್ರದ ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಹತ್ತು ಫೈಲುಗಳನ್ನು ಎಚ್.264ಕ್ಕೆ ಪರಿವರ್ತಿಸಿದೆ. ಮೊದಲ ಸಲ ಪುರೋಹಿತರು ಬಾಯಿ ಮುಚ್ಚಿದ ಮೇಲೆ ಮಂತ್ರ ಕೇಳಿಸಿತು. ಫೋನುಗಳು ಬೆಳಕು ನೋಡಿಕೊಂಡು ಸೆಕೆಂಡಿಗೆ ಒಮ್ಮೆ ಮೂವತ್ತು, ಒಮ್ಮೆ ಇಪ್ಪತ್ತನಾಲ್ಕು ಚೌಕಟ್ಟು ಹಿಡಿಯುತ್ತವಂತೆ; ಧ್ವನಿ ಮಾತ್ರ ತನ್ನ ಪಾಡಿಗೆ ನಡೆಯುತ್ತದೆ. ಚೌಕಟ್ಟಿನ ವೇಗ ಒಂದೇ ಸಮ ಇರಲಿ ಎಂದು ಆರಿಸಿ, ಇನ್ನೊಂದು ರಾತ್ರಿ ಕಾದೆ.

ಹನ್ನೊಂದನೆಯದು ಚಿಕ್ಕಪ್ಪನದು. ಬ್ರಹ್ಮೋಪದೇಶದ ಏಕೈಕ ವಿಡಿಯೊ, 1.4 ಜಿಬಿ ತೂಕ, ಅವಧಿ ಸೊನ್ನೆ. ಇದು ಬಕಾಸುರನಿಗೂ ಬೇಡ. ತೆಗೆಯುವಾಗಲೇ ಚಾರ್ಜು ಮುಗಿದು ಫೋನು ಪ್ರಾಣ ಬಿಟ್ಟಿತ್ತು. ಯಾವ ಚೌಕಟ್ಟು ಎಲ್ಲಿದೆಯೆಂಬ ಪಟ್ಟಿಯನ್ನು ಫೋನು ಸಾಮಾನ್ಯವಾಗಿ ಎಂಪಿ4ನ ಕೊನೆಯಲ್ಲಿ, ರೆಕಾರ್ಡಿಂಗ್ ನಿಲ್ಲಿಸಿದಾಗ ಬರೆಯುತ್ತದೆ. ಮುಯ್ಯಿಯ ಲಕೋಟೆಗಳೆಲ್ಲ ಚೀಲದಲ್ಲಿವೆ, ಯಾರದು ಎಷ್ಟೆಂಬ ಪಟ್ಟಿಯೇ ಇಲ್ಲ!

ಇದಕ್ಕೂ ಅನ್‌ಟ್ರಂಕ್ ಎಂಬ ಮದ್ದಿದೆ. ಅದೇ ಫೋನಿನ ಆರೋಗ್ಯವಂತ ವಿಡಿಯೊ ಒಂದನ್ನು ಮಾದರಿಗೆ ಕೊಟ್ಟರೆ, ಅದನ್ನು ನೋಡಿ ಪಟ್ಟಿ ಕಟ್ಟಲು ಹೊರಡುತ್ತದೆ. ಫೋನ್ ಮಾಡಿದರೆ ಚಿಕ್ಕಪ್ಪ, ‘ಹೋಳಿಗೆ ಬಡಿಸಿದ್ದು ಇದೆ, ಆಗತ್ತೇನೋ?’ ಎಂದರು. ವಾಟ್ಸಾಪಿನಲ್ಲಿ ಕಳಿಸಿದರು. ಅದು ಹಿಂಡಿ ಹಿಪ್ಪೆ ಮಾಡಿ ಮುಟ್ಟಿಸಿದ್ದರಿಂದ ಮಾದರಿ ಕೆಲಸಕ್ಕೆ ಬರಲಿಲ್ಲ. ಕಡೆಗೆ ಕೇಬಲ್ ಹಿಡಿದು ಬಸ್ಸು ಹತ್ತಿ ಅವರ ಮನೆಗೇ ಹೋದೆ.

ಹೋಳಿಗೆಯ ಕೃಪೆಯಿಂದ ಬ್ರಹ್ಮೋಪದೇಶ ಎದ್ದು ಕೂತಿತು. ಭಾವ, ಅಕ್ಕ, ನಾನು ಕಣ್ಣು ಕೀಲಿಸಿ ನೋಡಿದೆವು. ಹನ್ನೊಂದು ನಿಮಿಷವೂ ಅಪ್ಪ, ಅಮ್ಮ, ಮಗನ ಮೇಲೆ ಹೊದಿಸಿದ್ದ ರೇಷ್ಮೆ ಪಂಚೆ. ಒಳಗೇನು ನಡೆಯಿತೋ, ಪಂಚೆ ಒಮ್ಮೊಮ್ಮೆ ಅಲುಗಾಡುತ್ತಿತ್ತು.