‘ನನ್ನ ಹೊಟ್ಟಿ ಕೊಯ್ದು ನೋಡ್ರಿ, ಪ್ಲಾಟ್ ಸಿಗಂಗಿಲ್ಲ’

ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಕಡಬನವಾಡಿ ಹುಲ್ಲುಗಾವಲಿನ ಚಿಂಕಾರ ಹುಲ್ಲೆಗಳನ್ನೆಲ್ಲ ತೋಳ ತಿಂದು ಮುಗಿಸುತ್ತಿದೆ ಎಂದು ಚಹಾದಂಗಡಿಯ ನ್ಯಾಯಪೀಠ ತೀರ್ಪು ಕೊಟ್ಟಾಗಿದೆ. ಆರೋಪಿಯ ಮಾತನ್ನೂ ಕೇಳಬೇಕಲ್ಲ ಎಂದು ಹೊರಟೆ. ಬೋರೆ ಪೊದೆಯ ಮಗ್ಗುಲಲ್ಲಿ ಹೆಣ್ಣು ತೋಳವೊಂದು ಕೂತಿತ್ತು. ಒಣಹುಲ್ಲಿನದೇ ಬಣ್ಣ, ಕಿವಿ ಅಲ್ಲಾಡದಿದ್ದರೆ ಬಾಲ ತುಳಿದುಕೊಂಡೇ ಹೋಗುತ್ತಿದ್ದೆ. ಒಂದು ಕಿವಿಯನ್ನು ರಸ್ತೆಯ ಕಡೆಗೇ ಇಟ್ಟುಕೊಂಡು ಮಾತಿಗೆ ತೊಡಗಿತು.

ಪ್ರಶ್ನೆ: ಪುಣೆಯಲ್ಲಿದ್ದುಕೊಂಡು ಇಷ್ಟು ಚೆಂದದ ಕನ್ನಡ?

ತೋಳ: ನಮ್ಮಜ್ಜಿ ಕೊಪ್ಪಳದ ಕಡೆಯಾಕಿ. ಬೆಳಗಾವಿ ಯಾರದು ಅಂತ ನಮ್ಮ ಪೈಕಿ ಯಾರೂ ಕೇಳಂಗಿಲ್ರಿ. ಕುರಿ ಎಲ್ಲೆಲ್ಲಿ ಅದಾವೋ ಅಲ್ಲೀತನಕ ನಮ್ಮ ಸೀಮಿ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ಚಿಂಕಾರ ತಿನ್ನುತ್ತೀರಾ?

ತೋಳ: ತಿಂತೀನಿ. ಇಲ್ಲ ಅಂದ್ರ ನಂಬತೀರೇನು? ಆದರ ಅದು ತಾಸಿಗೆ ಅರವತ್ತು ಕಿಲೋಮೀಟರ್ ಮ್ಯಾಲ ಓಡತೈತಿ. ಬೆನ್ನು ಹತ್ತಿದ ಸಲ ಎಲ್ಲಾ ಸಿಕ್ಕಿದ್ರ ನಾನು ಹಿಂಗ್ಯಾಕ ಒಣಗಿರ್ತಿದ್ದೆ? ದಿನದ ಊಟ ಅಂದ್ರ ಧನಗರರ ಕುರಿ, ಆಡು. ಮತ್ತ ಕೋಳಿ ಫಾರ್ಮಿನವರು ಸತ್ತ ಕೋಳಿ ಬಯಲಿಗೆ ಒಗೀತಾರಲ್ಲ, ಅದು. ಚಿಂಕಾರ ನಮಗ ಹೋಳಿಗಿ ಇದ್ದಂಗ, ಹಬ್ಬಕ್ಕ ಅಷ್ಟ.

ಪ್ರಶ್ನೆ: ಕುರಿ ಕಳೆದುಕೊಂಡ ಧನಗರರು ಸುಮ್ಮನಿರುತ್ತಾರೆಯೇ?

ತೋಳ: ಬೈತಾರ, ಕಲ್ಲು ಒಗೀತಾರ. ಬಾಜೂ ಮನಿಯವರ ಜಗಳ ಅದು, ತಲಿಮಾರಿನಿಂದ ನಡದೈತಿ. ಸರ್ಕಾರ ಪರಿಹಾರ ಕೊಡತೈತಿ, ಖರೆ. ಅದಕ್ಕ ಪಂಚನಾಮಿ ಆಗಬೇಕು. ಸಾಹೇಬ್ರು ಬರೋತನಕ ಸತ್ತ ಕುರಿ ಕಾಯ್ಕೊಂಡು ಕುಂತ್ರ ಬದುಕಿದ ಕುರಿಗೆ ಮೇವು ಯಾರು ಕೊಡ್ತಾರ? ಕಾಗದ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗೋದರಾಗ ಧನಗರ ಹಿಂಡು ಹೊಡ್ಕೊಂಡು ಕೊಂಕಣ ಮುಟ್ಟಿರ್ತಾನ.

ಪ್ರಶ್ನೆ: ‘ನಮ್ಮಜ್ಜನ ಕಾಲದಲ್ಲಿ ಇಲ್ಲಿ ಹಿಂಡು ಹಿಂಡು ಜಿಂಕೆ ಇದ್ದವು’ ಎನ್ನುತ್ತಾರೆ ಬೇಟೆಗಾರರ ಮೊಮ್ಮಕ್ಕಳು.

ತೋಳ: ಅಜ್ಜನ ಗ್ವಾಡಿ ಮ್ಯಾಲ ನೋಡಂತ ಹೇಳ್ರಿ, ಕೊಂಬು ಅಲ್ಲೇ ಅದಾವು. 1972ರ ಕಾಯ್ದೆ ಬಂದ ಮ್ಯಾಲ ಬಂದೂಕ ಅಟ್ಟ ಸೇರಿತು, ಆರೋಪ ಅಷ್ಟ ಕೆಳಗ ಉಳೀತು. ನಮ್ಮ ಲೆಕ್ಕನೂ ಕೇಳ್ರಿ. 1875ರಿಂದ 1925ರ ಒಳಗ ಇನಾಮಿನ ಆಸೆಗೆ ಎರಡು ಲಕ್ಷ ತೋಳ ಕೊಂದ್ರು ಅಂತ ಇತಿಹಾಸಕಾರ ಮಹೇಶ್ ರಂಗರಾಜನ್ ಅಂದಾಜು ಮಾಡ್ಯಾರ. ತೋಳ ಹಳ್ಳಕ್ಕ ಬಿದ್ರ ಆಳಿಗೊಂದು ಕಲ್ಲು ಅಂತ ನಿಮ್ಮದೇ ಗಾದಿ ಐತಿ. ಆವಾಗ ಕಲ್ಲಿಗೊಂದು ರೊಕ್ಕನೂ ಇತ್ತು.

ಪ್ರಶ್ನೆ: ಅಮೆರಿಕದಲ್ಲಿ ಕೊಯೋಟಿ ಮೇಲೂ ಇದೇ ದೂರಂತೆ.

ತೋಳ: ನಮ್ಮ ದಾಯಾದಿ. ಅಲ್ಲಿ ಬೇಟೆ ಆಡಾಕಂತ ಜಮೀನು ಬಾಡಿಗಿ ಹಿಡೀತಾರ, ಜಿಂಕಿಗೆ ಮೆಕ್ಕಿಜೋಳ ಹಾಕಿ ಕರೀತಾರ, ಆಮ್ಯಾಲ ತಾವೇ ಗುಂಡು ಹೊಡೀತಾರ. ನಡುವ ಕೊಯೋಟಿ ಒಂದು ಮರಿ ಎತ್ತಿದ್ರ ಕಳ್ಳತನ! ವರ್ಷಕ್ಕ ಹತ್ತಾರು ಸಾವಿರ ಕೊಯೋಟಿನ ಸರ್ಕಾರದವರೇ ಕೊಲ್ತಾರ. ಅದು ಮಾತ್ರ ನ್ಯೂಯಾರ್ಕ್ ಪ್ಯಾಟಿತನಕ ಹಬ್ಬೈತಿ. ನಮಗ ಆ ಹಿಕಮತ್ತು ಬರಂಗಿಲ್ಲ.

ಪ್ರಶ್ನೆ: ಹಾಗಾದರೆ ಇಲ್ಲಿನ ಚಿಂಕಾರಗಳಿಗೆ ಕುತ್ತು ತಂದವರು ಯಾರು?

ತೋಳ: ಹುಲ್ಲು ಎಲ್ಲಿ ಹೋಯ್ತು ಅಂತ ಮೊದಲು ಕೇಳ್ರಿ. ಸರ್ಕಾರದ ನಕ್ಷೆದಾಗ ಇಂಥಾ ಬಯಲಿಗೆ ‘ಪಾಳುಭೂಮಿ’ ಅಂತ ಹೆಸರು. ಪಾಳು ಅಂದ ಮ್ಯಾಲ ಉದ್ಧಾರ ಆಗಲೇಬೇಕಲ್ಲ! ಒಬ್ರು ಗ್ಲಿರಿಸಿಡಿಯಾ ನೆಡಾಕ ಬರ್ತಾರ, ಒಬ್ರು ಜೆಸಿಬಿ ತಂದು ಗುಂಡಿ ತೋಡತಾರ, ಒಬ್ರು ಕಬ್ಬು ಹಚ್ಚತಾರ. ಕಡೀಕ ಬಣ್ಣದ ಬಾವುಟ ಹಿಡ್ಕೊಂಡು ಪ್ಲಾಟಿನವರು. ಗಿಡ ನೆಟ್ಟವರು ಫೋಟೊ ಹೊಡಸ್ಕೊಂಡು ಹೋಗ್ತಾರ, ನೆರಳಿಗೆ ಹುಲ್ಲು ಸಾಯತೈತಿ. ಚಿಂಕಾರ ದಟ್ಟ ಕಾಡಿಂದಲ್ರಿ, ಬಯಲಿಂದು. ಬಾರಾಮತಿ ತಾಲ್ಲೂಕಿನಾಗ ಮಯೂರೇಶ್ವರ ಅಭಯಾರಣ್ಯ ಅಂತ ಅದಕ್ಕೊಂದು ಮನಿ ಮಾಡ್ಯಾರ, ಐದು ಚದರ ಕಿಲೋಮೀಟರ್ ಚಿಲ್ಲರೆ. ಒಂದು ರಾತ್ರಿಗೆ ನಾನು ಅದನ್ನ ಅಡ್ಡಾಡಿ ದಾಟಿ ಹೋಗ್ತೀನಿ. ನನ್ನ ಹೊಟ್ಟಿ ಕೊಯ್ದು ನೋಡ್ರಿ, ಪ್ಲಾಟ್ ಸಿಗಂಗಿಲ್ಲ.

(ಇಲ್ಲಿ ಸಂದರ್ಶಕನಿಗೆ ಕೆಮ್ಮು ಬಂತು. ಇಲ್ಲಿನ ರಸ್ತೆಯ ಪಕ್ಕದಲ್ಲಿ ಸೈಟು ನೋಡಿಕೊಂಡು ಬಂದ ಕನ್ನಡಿಗರೂ ಕಡಿಮೆಯಿಲ್ಲ.)

ಪ್ರಶ್ನೆ: ಹುಲಿಗೆ ಸಿಕ್ಕ ಮರ್ಯಾದೆ ನಿಮಗೆ ಸಿಗಲಿಲ್ಲವೆಂಬ ಬೇಸರವಿದೆಯೇ?

ತೋಳ: 2022ರ ಎಣಿಕೆದಾಗ ಹುಲಿ 3,682. ದೇಶದಾಗ ತೋಳ ಸುಮಾರು 3,100 ಅಂತ ಅಂದಾಜು. ಹುಲಿಗಿಂತ ನಾವೇ ಕಮ್ಮಿ. ಅದೇ ವರ್ಷ ನಮೀಬಿಯಾದಿಂದ ಚೀತಾ ತರಾಕ ವಿಮಾನ ಹಾರಿತು. ನಾವು ಇಲ್ಲೇ ಇದ್ದೀವಿ, ಟಿಕೆಟ್ ಖರ್ಚೂ ಇಲ್ಲ. ಹುಬ್ಬಳ್ಳಿ-ಧಾರವಾಡದಾಗ ಬಸ್ಸಿಗೆ ‘ಚಿಗರಿ’ ಅಂತ ಹೆಸರಿಟ್ರು. ‘ತೋಳ’ ಅಂತ ಬಸ್ ಬಿಟ್ರ ಯಾರು ಹತ್ತತಾರ ಹೇಳ್ರಿ? ಬಂಕಾಪುರದಾಗ ಮಾತ್ರ 2023ರಾಗ ಕರ್ನಾಟಕದವರು ತೋಳಕ್ಕಂತ ವನ್ಯಜೀವಿಧಾಮ ಮಾಡ್ಯಾರ. ಅಜ್ಜಿ ಊರ ಕಡೆ ಅದು. ಪುಣ್ಯ ಬರಲಿ ಅವರಿಗೆ.

ಪ್ರಶ್ನೆ: ಬೀದಿನಾಯಿಗಳ ಜೊತೆ ಸಂಬಂಧ ಹೇಗಿದೆ?

ತೋಳ: ಬ್ಯಾಡ ಅಂದ್ರೂ ಬೀಗರಾಗ್ಯಾರ. ನಮ್ಮ ಹಿಂಡಿನಾಗ ಹಳದಿ ಬಣ್ಣದ ಮರಿ ಕಂಡ್ರು, ಕೂದಲಾ ಒಯ್ದು ಪರೀಕ್ಷೆ ಮಾಡಿದ್ರು. ನಾಯಿ-ತೋಳದ ಬೆರಕಿ ಅಂತ ಖಾತ್ರಿ ಆತು. ಬಯಲಿನಾಗ ನಮಗ ವರ ಸಿಗದಂಗ ಆದ್ರ ಇನ್ನೇನಾಗತೈತಿ? ಇದರಕಿಂತ ಕೆಟ್ಟದ್ದು ಅವು ತರೋ ಡಿಸ್ಟೆಂಪರ್ ಜಡ್ಡು. ಪುಣೆ ಸುತ್ತಿನ ತೋಳಗಳಿಗೂ ಬಡದೈತಿ. ಮತ್ತ ಚಿಂಕಾರದ ಮರಿ ಬೆನ್ನು ಹತ್ತೋ ನಾಯಿಗೆ ಯಾವ ಚಹಾದಂಗಡಿನೂ ತೀರ್ಪು ಕೊಟ್ಟಿಲ್ಲ. ಬಿಸ್ಕೀಟ್ ಕೊಡ್ತಾರ.

ಪ್ರಶ್ನೆ: ಈಗ ಕಡಬನವಾಡಿಯಲ್ಲಿ ಅರಣ್ಯ ಇಲಾಖೆಯ ಹುಲ್ಲುಗಾವಲು ಸಫಾರಿ ಬಂದಿದೆ. ನೋಡಲು ಬರುವ ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ತೋಳ: ಬರ್ರಿ, ದೂರದಿಂದ ನೋಡ್ರಿ. ಚಳಿಗಾಲಕ್ಕ ನಮ್ಮ ಮರಿ ಗವಿಯೊಳಗ ಇರ್ತಾವು, ಕ್ಯಾಮರಾ ಹಿಡ್ಕೊಂಡು ಬಾಗಿಲಿಗೆ ಬರಬ್ಯಾಡ್ರಿ. ಊರಿಗೆ ಹೋದ ಮ್ಯಾಲ ನಿಮ್ಮ ಸೊಸೈಟಿ ನಾಯಿಗೆ ಡಿಸ್ಟೆಂಪರ್ ಲಸಿಕೆ ಹಾಕಿಸ್ರಿ. ಅದಕ್ಕ ಜಡ್ಡು ಬಂದ್ರ ನೀವು ಡಾಕ್ಟರ್ ಕರೀತೀರಿ, ನಮಗ ಕರೆಯೋರಿಲ್ಲ.