ಮ್ಯಾಗ್ನಾನ್ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಶ್ರೀನಿವಾಸಪುರದ ಮಾವಿನ ತೋಟದಿಂದ ನಮಸ್ಕಾರ. ರಾತ್ರಿ ಎರಡಕ್ಕೆ ತ್ರೀಫೇಸ್ ಬಂತೆಂದು ಮೋಟರ್ ಹಾಕಲು ಎದ್ದವನಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ಹಾಗಾಗಿ ಈ ಪತ್ರ.

ತಮ್ಮ ವಿಷಯ ಹೇಳಿದವಳು ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದುವ ಮಗಳು. ತಾವು ಹರಿಯುವುದು ತಂತಿಯಲ್ಲಲ್ಲವಂತೆ. ಮಾಲೂರಿನ ಹೆಂಚಿನ ಹಾಗೆ ಕರೆಂಟನ್ನು ಒಳಗೇ ಬಿಟ್ಟುಕೊಳ್ಳದ ಒಂದು ಕಾಂತೀಯ ಹರಳಿನಲ್ಲಂತೆ. ಅಲ್ಲಿ ಎಲೆಕ್ಟ್ರಾನುಗಳು ಜಾಗ ಬಿಟ್ಟು ಕದಲುವುದಿಲ್ಲ. ಒಂದರ ಸ್ಪಿನ್, ಅಂದರೆ ಅದರೊಳಗಿನ ಪುಟ್ಟ ಕಾಂತಸೂಜಿಯಂಥದ್ದು, ವಾಲಿದರೆ ಪಕ್ಕದ್ದು ವಾಲುತ್ತದೆ, ಅದರ ಪಕ್ಕದ್ದೂ. ಆ ವಾಲಾಟದ ಅಲೆಯೇ ತಾವು. ಯಾರೂ ಓಡಾಡದ ಮೇಲೆ ತಂತಿಯ ಹಾಗೆ ಕಾಯುವುದೂ ಇಲ್ಲ. ಕೂತಲ್ಲೇ ತಲೆಯಾಡಿಸುವ ವಿದ್ಯೆ ನಮ್ಮ ಕಚೇರಿಗಳಿಗೂ ಗೊತ್ತು. ಆದರೆ ಅಲ್ಲಿ ಏನೂ ಸಾಗುವುದಿಲ್ಲ.

ಕೋಲಾರದವರು ಇಂಥದ್ದಕ್ಕೆ ಸುಲಭವಾಗಿ ಬೆರಗಾಗುವವರಲ್ಲ. 1902ರಲ್ಲೇ ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದು ನಮ್ಮ ಚಿನ್ನದ ಗಣಿಗೆ ಕರೆಂಟು ತಂದರು. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ. ದಾರಿಯಲ್ಲಿ ಒಂದಷ್ಟು ಶಾಖವಾಗಿ ಸೋರಿತು, ಆದರೂ ಬಂತು. ತಾವು ಎಷ್ಟು ದೂರ ಬರುತ್ತೀರಿ ಎಂದು ಮಗಳನ್ನು ಕೇಳಿದೆ. 2010ರಲ್ಲಿ ಜಪಾನಿನವರು ಯಿಟ್ರಿಯಂ ಐರನ್ ಗಾರ್ನೆಟ್ ಎಂಬ ಹರಳಿನಲ್ಲಿ ಒಂದು ಮಿಲಿಮೀಟರ್ ದಾಟಿಸಿದರಂತೆ. 2015ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ, ಕೋಣೆಯ ಬಿಸಿಗೇ ಏಳುವ ತಮ್ಮ ಬಂಧುಗಳನ್ನು ಅಳೆದರೆ, ಸುಮಾರು 10 ಮೈಕ್ರಾನ್ ಹೋಗುವಷ್ಟರಲ್ಲಿ ಸೊರಗಿದ್ದರಂತೆ. ಮುಳಬಾಗಿಲು ದೋಸೆಯ ತಳದಿಂದ ಮೇಲಕ್ಕೂ ತಲುಪಲಿಲ್ಲ ಅಂದಹಾಗಾಯಿತು.

ದೂರದ ಮಾತು ಬಿಡಿ, ಹರಳು ಇನ್ನೂ ಶುದ್ಧವಾದರೆ ಬೆಳೆದೀತು. ನನ್ನ ತಕರಾರು ಬೇರೆ. ತಾವು ಹತ್ತುವ ಕಡೆ ಒಂದು, ಇಳಿಯುವ ಕಡೆ ಒಂದು ಪ್ಲಾಟಿನಂ ಪಟ್ಟಿ ಇರುತ್ತದಂತೆ. ಮೊದಲನೆಯದು ಕರೆಂಟನ್ನು ಸ್ಪಿನ್ ಮಾಡುತ್ತದೆ, ಎರಡನೆಯದು ಸ್ಪಿನ್ನನ್ನು ಮತ್ತೆ ವೋಲ್ಟೇಜ್ ಮಾಡುತ್ತದೆ. ಪ್ಲಾಟಿನಂ ಎಷ್ಟಾದರೂ ಲೋಹ. ಕರೆಂಟು ಹರಿದರೆ ಕಾಯಲೇಬೇಕು. ಈಚೆ ಸುರಿದದ್ದರಲ್ಲಿ ಆಚೆ ಸಿಗುವುದು ಚೂರೇ ಚೂರು.

ಇದನ್ನು ಕೇಳಿ ನಕ್ಕೆ. ಯಾಕೆ ನಕ್ಕೆನೆಂದು ಮಗಳಿಗೆ ಅರ್ಥವಾಗಲಿಲ್ಲ. ನಮ್ಮ ತೋಟದಿಂದ ಟೆಂಪೋ ಹತ್ತಿದ ಬಾದಾಮಿ ಮಾವು ದಾರಿಯಲ್ಲಿ ಒಂದು ಕಾಯಿಯೂ ಉದುರದೆ ಮಂಡಿ ಸೇರುತ್ತದೆ. ಕರಗುವುದೆಲ್ಲ ಮಂಡಿಯ ಬಾಗಿಲಲ್ಲಿ: ಕಮಿಷನ್, ಹಮಾಲಿ, ತೂಕದಲ್ಲಿ ಕಡಿತ. ಸಾಗಣೆಯಲ್ಲಿ ನಷ್ಟವೇ ಇಲ್ಲ ಎಂದು ನಾನೂ ಪ್ರಬಂಧ ಬರೆಯಬಹುದು.

ಆದ್ದರಿಂದ, ನಮ್ಮ ಕಡೆ ಬರುವುದಾದರೆ ಆ ಇಬ್ಬರು ಪ್ಲಾಟಿನಂ ದಲ್ಲಾಳಿಗಳನ್ನು ಅಲ್ಲೇ ಬಿಟ್ಟು ಬನ್ನಿ. ಇನ್ನೂ ಬರೆಯುವುದಿತ್ತು, ಅಷ್ಟರಲ್ಲಿ ಕರೆಂಟು ಹೋ

ಇಂತಿ,
ಅರ್ಧ ತೋಟಕ್ಕೆ ನೀರು ಕಟ್ಟಿದ ರೈತ